ಚಕ್ಕಳಮಕ್ಕಳ

ಸಂತೇಪೇಟೆಯಲ್ಲಿ, ಮೆಡಿಕಲ್ ಶಾಪಿನ ಮಾಳಿಗೆಯ ಮೇಲೆ
ಒಂದು ಮಂಚ, ಎರಡು ಕುರ್ಚಿ, ಒಂದು ಪ್ಲಾಸ್ಟಿಕ್ ಸೊಂಟ:
ಇಷ್ಟೇ ನನ್ನ ಕ್ಲಿನಿಕ್ಕು.
ಹದಿನೇಳು ಮೆಟ್ಟಿಲು. ಸಣ್ಣಸ್ವಾಮಿ
ಬಲಗಾಲನ್ನು ಬೇರೆ ಯಾರದೋ ಲಗೇಜಿನಂತೆ
ಒಂದೊಂದಕ್ಕೂ ಎತ್ತಿಟ್ಟುಕೊಂಡು ಬಂದರು.

ಇಪ್ಪತ್ತಾರು ವರ್ಷ ಹಾಸನ–ಮಂಗಳೂರು, ಕೆಂಪು ಬಸ್ಸು, ರಾತ್ರಿ ಪಾಳಿ.
"ಓಡಾಡ್ತೀನಿ ಕಣಮ್ಮ, ಬಸ್ಸೂ ಓಡಿಸ್ತೀನಿ.
ಚಕ್ಕಳಮಕ್ಕಳ ಹಾಕಿ ಕೂರಕ್ಕೆ ಮಾತ್ರ ಆಗಲ್ಲ.
ಮನೇಲಿ ಅವರೆಕಾಯಿ ರಾಶಿ ಸುತ್ತ ಎಲ್ರೂ ನೆಲದ ಮೇಲೆ,
ನಾನೊಬ್ಬ ಕುರ್ಚೀಲಿ, ಚೆಕಿಂಗ್ ಇನ್ಸ್‌ಪೆಕ್ಟರ್ ಥರ."

ಪ್ಲಾಸ್ಟಿಕ್ ಸೊಂಟವನ್ನು ತೊಡೆಯ ಮೇಲಿಟ್ಟುಕೊಂಡೆ.
ಮೇಲಿನ ದಪ್ಪ ಮಾಂಸ ಬರೀ ಕಂಬಳಿ.
ಅದನ್ನು ಸರಿಸಿದರೆ ಆರು ಜನ,
ಒಂದೇ ಚಾಪೆಯಲ್ಲಿ ಒತ್ತೊತ್ತಾಗಿ ಮಲಗಿದ ಹಾಗೆ,
ತಲೆಗಳೆಲ್ಲ ತೊಡೆಮೂಳೆಯ ಗುಬುಟಿನತ್ತ.

ಮೊದಲನೆಯವನು ಪಿರಿಫಾರ್ಮಿಸ್, ಪೇರ್ ಹಣ್ಣಿನ ಆಕಾರ.
"ಅದ್ಯಾವ ಹಣ್ಣು?"
ಸೀಬೆ ಅಂದ್ಕೊಳ್ಳಿ.
ಇನ್ನೊಬ್ಬ ಸೊಂಟದ ಒಳಗಿಂದ ಹೊರಟು
ಮೂಳೆಯ ಕಚ್ಚಿನಲ್ಲಿ ಬಾವಿರಾಟೆಯ ಹಗ್ಗದಂತೆ ಹೊರಳುತ್ತಾನೆ,
ಅವನ ಎರಡೂ ಮಗ್ಗುಲಿಗೆ ಅವಳಿಗಳು.
"ನಮ್ಮ ಡಿಪೋದಲ್ಲೂ ಅವ್ರೆ, ರಫೀಕ್ ಶಫೀಕ್.
ಒಬ್ಬ ಸ್ಪ್ಯಾನರ್ ಹಿಡಿದ್ರೆ ಒಬ್ಬ ಟಾರ್ಚು."
ಕೆಳಗೆ ಚೌಕದವನು, ಮಡಿಸಿಟ್ಟ ಟವೆಲ್ಲಿನ ಹಾಗೆ.
ಆರನೆಯವನು ತೀರಾ ಆಳ. ಹೆಣದಲ್ಲಿ ಇವನನ್ನು ಹುಡುಕಿ ಹುಡುಕಿ
ವೈವಾದಲ್ಲಿ ನಾನು ಫೇಲಾಗಿದ್ದೆ. ಅದನ್ನು ಹೇಳಲಿಲ್ಲ.

ಆರೂ ಜನರ ಕೆಲಸ ಒಂದೇ: ತೊಡೆಯನ್ನು ಹೊರಕ್ಕೆ ತಿರುಗಿಸುವುದು.
ಒಳಕ್ಕೆ ತಿರುಗಿಸಲು ಖಾಯಂ ನೌಕರರೇ ಇಲ್ಲ,
ಬೇರೆ ಕೆಲಸದವರು ಎಕ್ಸ್‌ಟ್ರಾ ಡ್ಯೂಟಿ ಮಾಡುತ್ತಾರೆ.
"ಕಾರ್ಪೊರೇಷನ್ನೇ ಬಿಡಿ," ಎಂದು ನಕ್ಕರು.

ಮತ್ತೆ ಆ ಸೀಬೆಯಿದ್ದಾನಲ್ಲ, ಪಕ್ಷಾಂತರಿ.
ನಿಂತಾಗ ಹೊರಗಿನವರ ಜೊತೆ.
ನೀವು ಸೀಟಿನಲ್ಲಿ ಕೂತಿರೋ, ಒಳಗಿನವರ ಕಡೆಗೆ ಹೋಗುತ್ತಾನೆ.
ದೋಣಿಗಾಲ್ ದಾಟಿ, ಮಾರನಹಳ್ಳಿ ದಾಟಿ,
ಹಿಂದೆ ಐವತ್ತು ಜನ ಬಾಯಿ ತೆರೆದು ನಿದ್ದೆ ಮಾಡುವಾಗ
ಪ್ರತಿ ತಿರುವಿಗೂ ಮಂಡಿ ಒಳಕ್ಕೆ, ಪಾದ ಬ್ರೇಕಿಗೆ.
ಎದ್ದಿದ್ದವರು ನೀವು, ಅವನು.
ಅವನ ಕೆಳಗೇ ಬೆರಳು ಗಾತ್ರದ ನರ ಹಾದುಹೋಗುತ್ತದೆ.
ಅದರ ಮೇಲೆ ನಿಮ್ಮ ಪರ್ಸು.

ಹಿಂಜೇಬಿನಿಂದ ತೆಗೆದರು. ಇಟ್ಟಿಗೆ.
ಹಳೇ ಲೈಸೆನ್ಸು, ಸವೆದ ಐದರ ನೋಟು,
ಧರ್ಮಸ್ಥಳದ ಕುಂಕುಮದ ಪೊಟ್ಟಣ,
ಮಡಿಸಿ ಮಡಿಸಿ ರಟ್ಟಾಗಿಹೋದ ಒಂದು ಮೆಮೊ.
ಎಷ್ಟು ವರ್ಷದ್ದೋ. ನಾನು ಕೈಚಾಚಲಿಲ್ಲ.
"ಒಂದ್ಸಲ ಕಾಲು ಬರಕ್ಕೆ ತಡ ಆಯ್ತು," ಅಂದರು,
ಫ್ಯಾನಿನ ಕಡೆ ನೋಡುತ್ತ.

ಬೋರಲು ಮಲಗಿಸಿ ಹೆಬ್ಬೆರಳಿಂದ ಅವನನ್ನು ಹುಡುಕಿದೆ.
ಸಿಕ್ಕ. ಬಿಗಿದ ಹಗ್ಗ, ನಡುವೆ ಒಂದು ಗಂಟು.
ಒತ್ತಿ ಹಿಡಿದು ತೊಂಬತ್ತು ಎಣಿಸುವಷ್ಟರಲ್ಲಿ
ಅವರು ಗುಂಡ್ಯದವರೆಗಿನ ಸ್ಟಾಪುಗಳನ್ನೆಲ್ಲ
ಹಲ್ಲುಕಚ್ಚಿಕೊಂಡು ಹೇಳಿ ಮುಗಿಸಿದರು.

ಮೊದಲ ವಾರ ಮಂಡಿಗೂ ನೆಲಕ್ಕೂ ಒಂದು ಗೇಣು.
ಎರಡನೇ ವಾರವೂ ಗೇಣೇ, ಮದುವೆ ಡ್ಯೂಟಿ ಹೆಚ್ಚಿತ್ತಂತೆ.
ಮೂರರಲ್ಲಿ ಒಂದು ಮುಷ್ಟಿ.
ಪರ್ಸು ಈಗ ಅಂಗಿಯ ಮೇಲ್ಜೇಬಿನಲ್ಲಿ,
ಆ ಭಾರಕ್ಕೆ ಭುಜ ಒಂದಿಷ್ಟು ವಾಲಿದೆ.

ಇವತ್ತು, ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ,
ಗೋಡೆಗೆ ಕೈಕೊಟ್ಟು ಇಳಿದು, ಎಡಗಾಲು ಮಡಿಸಿ,
ಬಲಗಾಲನ್ನು ಎರಡೂ ಕೈಯಿಂದ ತಂದಿಟ್ಟು
ಕೂತೇಬಿಟ್ಟರು ನನ್ನ ರೆಡ್ ಆಕ್ಸೈಡ್ ನೆಲದ ಮೇಲೆ.
ನಾಲ್ಕು ಬೆರಳು ಬಾಕಿ.
ಹೊರತಿರುಗುವವರೆಲ್ಲ ಬಂದು ಸೇರಿದ್ದರು,
ಆ ಒಬ್ಬನೂ, ಅರೆಮನಸ್ಸಿನಿಂದ.

"ಈಗ ಏಳೋದು ಹೆಂಗೆ?"
ಕೈ ಕೊಟ್ಟೆ. ಹಿಡಿಯಲಿಲ್ಲ.
ಕೆಳಗೆ ಯಾರೋ ಹಾರನ್ ಮೇಲೆ ಹಾರನ್.
"ಬಡ್ಕೊಳ್ಳಿ ಬಿಡಿ.
ಒಂಚೂರು ಹೊತ್ತು ಕೂತಿರ್ತೀನಿ."